ಕೊಟ್ಟು ಕೆಡುವುದು

ಬೆಂಚಿನ ಮೇಲೆ ಇವತ್ತು ಎರಡೇ.
ಹೊರಗೆ ಸ್ಟ್ರಾಮ್‌ನೆಸ್ ಬಂದರಿಗೆ ನಾಲ್ಕಕ್ಕೇ ಕತ್ತಲು,
ದೋಣಿ ಕಟ್ಟಿದ ಹಗ್ಗಗಳು ಹಲ್ಲು ಕಡಿಯುತ್ತಿವೆ.
ನನ್ನ ದೀಪದಡಿ ಹಿತ್ತಾಳೆಯ ಎರಡು ಮುಷ್ಟಿ,
ಬಿಚ್ಚುವ ತನಕ ಎರಡೂ ಒಂದೇ ಥರ.

ಇದು ಎರ್ಲೆಂಡ್ ಇಸ್‌ಬಿಸ್ಟರನದು.
ಸಮುದ್ರದ ತಳದಲ್ಲಿ ಸ್ಕ್ಯಾಲಪ್ ಹೆಕ್ಕುವವನು,
ಮಾತಿಗೆ ಮುಂಚೆ ನಗುವವನು.
ಪಿಸ್ಟನ್. ಒಳಗೇನಿದೆ ಅಂದರೆ ಹೆಚ್ಚೇನೂ ಇಲ್ಲ:
ಒಂದು ಟೊಳ್ಳು ಕೊಳವೆ, ಅದಕ್ಕೊಂದು ಅಗಲ ತಲೆ,
ಒಂದು ಸ್ಪ್ರಿಂಗು, ದೊಡ್ಡದೊಂದು ಸಣ್ಣದೊಂದು ರಬ್ಬರುಂಗುರ.
ಮೈಸುತ್ತ ತೂತು. ಕದ ತಟ್ಟದೆ ಸಮುದ್ರ ಒಳಬಂದು
ಸ್ಪ್ರಿಂಗಿನ ಪಕ್ಕ ಕೂತು ತಾನೇ ಹೇಳುತ್ತದೆ
ಎಷ್ಟು ಆಳ ಇಳಿದೆವು ಅಂತ.
ಮಧ್ಯಸ್ಥರಿಲ್ಲ. ಒಂದು ಉಸಿರು ಕೇಳಿದರೆ
ಕೊಡ ಬಗ್ಗಿಸಿದ ಹಾಗೆ ಗಾಳಿ.

ಹಾಗೆ ಬಂದ ಸಮುದ್ರ ಸುಮ್ಮನೆ ಹೋಗುವುದಿಲ್ಲ.
ಸ್ಪ್ರಿಂಗಿನ ಸುತ್ತು ಸುತ್ತಿಗೂ ಉಪ್ಪು, ಬೂದುಬಣ್ಣದ ಹೂಳು,
ಒಂದು ಸಲ ಒಣಗಿದ ಸೀಗಡಿ ಮರಿ,
ಉಗುರಿಗಿಂತ ಚಿಕ್ಕದು, ಮೀಸೆ ಸಮೇತ.

ಅದು ಜೆಸ್ಸಾ ರೆಂಡಲ್‌ಳದು. ಡಯಾಫ್ರಂ.
ಪಕ್ಕೆಲುಬಿನಡಿ ನಮಗೂ ಒಂದಿದೆ,
ಶಾಲೆಯ ಪಾಠದಲ್ಲಿ ಅದರ ಹೆಸರು ವಪೆ.
ನೀರು ಬರುವುದು ಹೊಸ್ತಿಲ ತನಕ ಮಾತ್ರ.
ಒಂದು ರಬ್ಬರು ತೊಗಲು ಅದರ ಭಾರ ಹೊತ್ತು
ಒಳಗಿನ ಕಡ್ಡಿಗೆ ಹೇಳಿ, ಕಡ್ಡಿ ಕವಾಟಕ್ಕೆ ಹೇಳಿ,
ಕವಾಟ ತುಸುವೇ ಸರಿಯುತ್ತದೆ.
ಜೆಸ್ಸಾ ತನ್ನದಕ್ಕೆ ಇನ್ನೊಂದು ತೊಗಲನ್ನೂ ಹಾಕಿಸಿದ್ದಾಳೆ,
ಸ್ಪ್ರಿಂಗು ಕೂಡ ನೀರು ಕಂಡಿಲ್ಲ.
ಬಿಚ್ಚಿದರೆ ಟ್ರೇ ತುಂಬ ಚೂರು,
ಮದುವೆ ಮನೆಯ ಚಪ್ಪಲಿಗಳಷ್ಟು.

ಯಾವುದು ಒಳ್ಳೇದು ಥೋರಾ, ಅಂತ
ಇಪ್ಪತ್ತಾರು ವರ್ಷದಿಂದ ಕೇಳುತ್ತಾರೆ.
ಎಲ್ಲಿ ಇಳಿಯುತ್ತೀರಿ, ಹತ್ತಿದ ಮೇಲೆ ತೊಳೆಯುತ್ತೀರಾ
ಅಂತ ನಾನು ಕೇಳುತ್ತೇನೆ.
ತೊಳೆಯುತ್ತೇವೆ ಅನ್ನುವವರ ಕಣ್ಣು ಗಡಿಯಾರದ ಕಡೆ.

ಹೋದ ಮಂಗಳವಾರ ನೀರು ಐದು ಡಿಗ್ರಿ.
ಇಪ್ಪತ್ತೆರಡು ಮೀಟರಿನಲ್ಲಿ, ಚೀಲ ಅರ್ಧ ತುಂಬಿದಾಗ,
ಎರ್ಲೆಂಡನ ಪಿಸ್ಟನ್ನಿಗೆ ಮಂಜು ಹಿಡಿಯಿತು.
ಹಿಗ್ಗುವ ಗಾಳಿ ತಣ್ಣಗಾಗುತ್ತದೆ; ಪಕ್ಕದಲ್ಲಿ ಕೂತಿದ್ದ ಸಮುದ್ರ
ಕೂತಲ್ಲೇ ಹೆಪ್ಪುಗಟ್ಟಿ ಬಾಗಿಲಿಗೆ ಕಾಲು ಕೊಟ್ಟಿತು.
ಮುಚ್ಚಲಾರದ ಬಾಗಿಲು. ಬಾಯಿಗೆ ಬಿರುಗಾಳಿ,
ಕಣ್ಣಿಗೆ ಬರೀ ಗುಳ್ಳೆಗಳ ಬಿಳಿ ಗೋಡೆ,
ಎರಡು ನಿಮಿಷಕ್ಕೆ ಮುಗಿಯುವ ಸಿಲಿಂಡರು.
ಆ ಗೋಡೆಯೊಳಗಿಂದ ಒಂದು ಕೈ,
ಕೈಯಲ್ಲಿ ಹಳದಿ ಕೊಳವೆ.

ಒಂದೇ ತೊಗಲು ಇಬ್ಬರ ಉಸಿರು ಹೊತ್ತು
ನಿಧಾನ, ನಿಧಾನ, ಮೇಲೆ ಬಂತು.
ಈ ತಿಂಗಳು ಅವರಿಬ್ಬರಿಗೂ ಮಾತಿರಲಿಲ್ಲ,
ಯಾವುದೋ ದೋಣಿಯ ಪಾಲಿನ ಜಗಳ.
ಈಗಲೂ ಇಲ್ಲವಂತೆ.

‘ಹೊಸದು ತಗೋ, ಅವಳದರಂಥದ್ದು’ ಅಂದೆ.
ತಲೆಯಾಡಿಸಿದ. ‘ಇದು ನನಗೆ ಉಸಿರು ತಡೆಯಲಿಲ್ಲ ಥೋರಾ,
ಜಾಸ್ತಿ ಕೊಟ್ಟಿತು, ಅಷ್ಟೇ.’

ನಿಜ. ಹೂಳಿಗೆ, ಮಂಜಿಗೆ, ಸವೆದ ಸೀಟಿಗೆ ಸೋತಾಗ
ಎರಡೂ ಸಾಮಾನ್ಯವಾಗಿ ಸೋಲುವುದು ಬಾಗಿಲು ತೆರೆದೇ.
ಕೊಟ್ಟು ಕೆಟ್ಟವರಿಲ್ಲ ಅನ್ನುತ್ತಾರೆ;
ಇಲ್ಲಿ ಕೆಡುವುದೆಂದರೇ ಕೊಡುವುದು,
ಕೈಯಲ್ಲಿ ಏನೂ ಉಳಿಯದ ತನಕ.

ಪಿಸ್ಟನ್ ಜೋಡಿಸಿ ಆಯಿತು, ಹತ್ತೇ ನಿಮಿಷ.
ಮುಳ್ಳು ಒಂಬತ್ತೂವರೆಗೆ ಏರಿ ನಿಂತಿತು, ಕದಲಲಿಲ್ಲ.
ಎರಡರ ಲೆಕ್ಕವನ್ನೂ ಅವನೇ ಕೊಟ್ಟು ಹೋಗಿದ್ದಾನೆ,
ಅವಳಿಗೆ ಹೇಳಬಾರದಂತೆ.
ಡಯಾಫ್ರಂ ಜೋಡಿಸಲು ಒಂದು ತಾಸು.
ಮುಚ್ಚಳ ಬಿಗಿದು, ಕೈ ಒರೆಸಿ, ಚಹಾಕ್ಕೆ ನೀರಿಟ್ಟು
ತಿರುಗಿ ನೋಡಿದರೆ
ಟ್ರೇಯಲ್ಲಿ ಒಂದು ವಾಷರ್.

ಯಾರದು ಅಂತ ಕೇಳುವಂತಿಲ್ಲ.
ಸ್ಪ್ಯಾನರು ಮತ್ತೆ ಕೈಗೆತ್ತಿಕೊಂಡೆ.